ತಿಳಿನೀರಿನ ಕಪ್ಪು ಕಲೆ

ನಾವಿರುವುದು ದಕ್ಷಿಣ ಗೋವಾದ ಸಾವರ್ಡೆಯಲ್ಲಿ. ಪಕ್ಕದ ಚಾಳಿನಲ್ಲಿ ಬಾದಾಮಿ ಕಡೆಯ ಅಕ್ಕ ಒಬ್ಬರಿದ್ದಾರೆ. ಅವರ ಯಜಮಾನರು ಅದಿರಿನ ಟಿಪ್ಪರ್ ಓಡಿಸಲು ಬಂದವರು, ಗಣಿ ನಿಂತ ಮೇಲೂ ಇಲ್ಲೇ ಉಳಿದರು. ಒಂದು ಬೆಳಿಗ್ಗೆ ಅಕ್ಕ ಮಗಳ ಯೂನಿಫಾರ್ಮಿನ ಬಿಳಿ ಅಂಗಿ ಹಿಡಿದುಕೊಂಡು ಬಂದರು. ಕಾಲರ್ ಹತ್ತಿರ, ತೋಳಿನ ಮೇಲೆ ಕಂದು-ಕಪ್ಪು ಚುಕ್ಕೆಗಳು.

“ಟೀಚರ್ರೀ, ಬೋರಿನ ನೀರು ನೋಡಿದ್ರ ಕನ್ನಡಿ ಹಂಗ ತಿಳಿ ಐತ್ರಿ. ಸೋಪಿನ ಪುಡಿ ಹಾಕಿ ಬಟ್ಟಿ ನೆನಿ ಇಟ್ರ ಹಿಂಗ ಕಲಿ ಬೀಳ್ತಾವು. ಮಳಿಗಾಲದಾಗ ಕೆರಿ ನೀರು ಕೆಂಪಗ ಇರ್ತೈತಿ. ಅದನ್ನ ರಾತ್ರಿ ತಳಾ ಕೂಡಿಸಿ, ಮ್ಯಾಲಿನ ನೀರಿನ್ಯಾಗ ಒಗದ್ರ ಏನೂ ಆಗಂಗಿಲ್ಲ. ಇದರಾಗ ಚಲೋ ನೀರು ಯಾವುದು, ಕೆಟ್ಟ ನೀರು ಯಾವುದು ಹೇಳ್ರಿ.”

ನಾನು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತೇನೆ. ಕೆಲವು ವರ್ಷಗಳಿಂದ ಹುಡುಗರನ್ನು ಕರೆದುಕೊಂಡು ಗಣಿ ಗುಡ್ಡದ ಕೆಳಗಿನ ಒಂದು ಕೆರೆಯ ನೀರು ಪರೀಕ್ಷೆ ಮಾಡುತ್ತಿದ್ದೇನೆ. ಆದರೂ ಅಕ್ಕನಿಗೆ ನಿಂತ ನಿಲುವಿನಲ್ಲಿ ಉತ್ತರ ಹೇಳಲು ಆಗಲಿಲ್ಲ. ಅವರ ಪ್ರಶ್ನೆ ಅಷ್ಟು ಸರಿಯಾಗಿತ್ತು. ಗಣಿ ಪಕ್ಕದ ಕೆರೆಯ ಅಧ್ಯಯನ ಅಂದರೆ ಏನು ಅನ್ನುವುದು ಪೂರ್ತಿ ಆ ಒಂದು ಪ್ರಶ್ನೆಯೊಳಗೇ ಇದೆ. ನಾವು ಕಣ್ಣನ್ನು ನಂಬುತ್ತೇವೆ. ಕೆಂಪು ನೀರು ಕಂಡರೆ ವಿಷ ಅಂತ ಹೆದರುತ್ತೇವೆ, ತಿಳಿನೀರು ಕಂಡರೆ ಕೊಡ ತುಂಬಿಸುತ್ತೇವೆ. ಗಣಿ ಕೆರೆಯ ವಿಷಯದಲ್ಲಿ ಎರಡೂ ತಪ್ಪಾಗಬಹುದು. ಇಲ್ಲಿ ತೊಂದರೆ ಎರಡು ಥರ: ಒಂದು ಕಾಣುವ ಕೆಸರು, ಇನ್ನೊಂದು ಕಾಣದ ಲೋಹ. ಅವೆರಡೂ ಒಂದೇ ಕಾಲದಲ್ಲಿ, ಒಂದೇ ಆಳದಲ್ಲಿ ಸಿಗುವುದು ಕಡಿಮೆ.

ಮೊದಲು ಕೆಸರಿನ ಮಾತು. ಗೋವಾದ ಕಬ್ಬಿಣದ ಗಣಿಗಳು ಡಿಚೋಲಿ, ಸತ್ತರಿ, ಧಾರಬಂದೋಡಾ, ಸಾಂಗೇ, ಕೇಪೆ ತಾಲೂಕುಗಳ ಗುಡ್ಡಗಳಲ್ಲಿವೆ. ಇಲ್ಲಿ 1 ಟನ್ ಅದಿರು ತೆಗೆಯಬೇಕಾದರೆ ಎರಡೂವರೆಯಿಂದ ಮೂರು ಟನ್ ಮಣ್ಣು-ಕಲ್ಲು ಎತ್ತಿ ಪಕ್ಕಕ್ಕೆ ಹಾಕಬೇಕು. ಆ ರಾಶಿಯೇ ಡಂಪ್. 2010-11ರಲ್ಲಿ ಗೋವಾದ ಬಂದರುಗಳಿಂದ 5 ಕೋಟಿ ಟನ್ನಿನ ಆಸುಪಾಸು ಅದಿರು ಹೊರಗೆ ಹೋಯಿತು. ಅದರಲ್ಲಿ ನಮ್ಮ ಬಳ್ಳಾರಿ-ಹೊಸಪೇಟೆ ಕಡೆಯ ಅದಿರೂ ಒಂದಿಷ್ಟಿತ್ತು. ಉಳಿದದ್ದಕ್ಕೆ ಎಷ್ಟು ಮಣ್ಣು ಗುಡ್ಡೆ ಬಿದ್ದಿರಬೇಕು, ನೀವೇ ಲೆಕ್ಕ ಹಾಕಿ. ಆ ಮೇಲೆ ಮಳೆ. ಗೋವಾದಲ್ಲಿ ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ, ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಗದಗಿನಲ್ಲಿ ವರ್ಷವಿಡೀ ಬೀಳುವುದರ ನಾಲ್ಕೈದು ಪಟ್ಟು ಮಳೆ ಇಲ್ಲಿ ನಾಲ್ಕೇ ತಿಂಗಳಲ್ಲಿ ಸಡಿಲ ಮಣ್ಣಿನ ಮೇಲೆ ಸುರಿಯುತ್ತದೆ. ಹಳ್ಳ ಕೆಂಪಾಗದೆ ಇನ್ನೇನಾಗುತ್ತದೆ?

ಗಣಿ ನಿಂತರೆ ಕೆಂಪು ನೀರೂ ನಿಲ್ಲುತ್ತದೆ ಅಂತ ತುಂಬಾ ಜನ ಅಂದುಕೊಂಡಿದ್ದರು. 2012ರ ಸೆಪ್ಟೆಂಬರ್‌ನಲ್ಲಿ ಗಣಿಗಾರಿಕೆ ನಿಂತಿತು. 2014ರಲ್ಲಿ ಸುಪ್ರೀಂ ಕೋರ್ಟ್ ವರ್ಷಕ್ಕೆ 2 ಕೋಟಿ ಟನ್ ಮಿತಿ ಹಾಕಿ ಅವಕಾಶ ಕೊಟ್ಟಿತು. 2018ರ ಫೆಬ್ರವರಿಯಲ್ಲಿ 88 ಲೀಸ್‌ಗಳನ್ನು ರದ್ದು ಮಾಡಿತು, ಮಾರ್ಚ್‌ನಲ್ಲಿ ಮತ್ತೆ ಎಲ್ಲ ಸ್ತಬ್ಧ. ನಮ್ಮ ಟಿಪ್ಪರ್ ಓಣಿಗಳಲ್ಲಿ ಈ ತಾರೀಖುಗಳನ್ನು ಯಾರಿಗೂ ನೆನಪಿಸಬೇಕಾಗಿಲ್ಲ. ಆದರೆ ಡಂಪ್‌ಗೆ ಕೋರ್ಟಿನ ಆದೇಶ ತಿಳಿಯುವುದಿಲ್ಲವಲ್ಲ. ಗಿಡ ಬೆಳೆಯದ ಡಂಪ್ ಪ್ರತಿ ಮಳೆಗಾಲ ಕರಗುತ್ತಲೇ ಇರುತ್ತದೆ. ಹಾಗಾಗಿ ಲಾರಿ ಓಡಾಡುವುದು ನಿಂತ ವರ್ಷದಲ್ಲೂ ಕೆರೆ ಪರೀಕ್ಷೆ ನಿಲ್ಲಿಸುವ ಹಾಗಿಲ್ಲ.

ಇಲ್ಲೊಂದು ಗೊಂದಲ ಬಿಡಿಸಬೇಕು. ಗಣಿ ಮಾಲಿನ್ಯ ಅಂತ ಹುಡುಕಿದರೆ ಕಿತ್ತಳೆ ಬಣ್ಣದ, ಆಸಿಡ್‌ನಂಥ ನದಿಗಳ ಚಿತ್ರ ಸಿಗುತ್ತವೆ. ಸ್ಪೇನಿನ ರಿಯೊ ಟಿಂಟೊ ನದಿ ಅಂಥದ್ದು. ಅದಿರಿನಲ್ಲಿ ಗಂಧಕ ಸೇರಿರುವ ಖನಿಜಗಳಿದ್ದರೆ, ಅವು ಗಾಳಿ-ನೀರು ತಾಗಿದಾಗ ಸಲ್ಫ್ಯೂರಿಕ್ ಆಮ್ಲ ಹುಟ್ಟುತ್ತದೆ. ಆ ಆಮ್ಲ ಬೇರೆ ಲೋಹಗಳನ್ನೂ ಕರಗಿಸಿಕೊಂಡು ಬರುತ್ತದೆ. ಗೋವಾದ ಅದಿರು ಹೆಚ್ಚಾಗಿ ಹೆಮಟೈಟ್ ಮತ್ತು ಗೋಥೈಟ್. ಎರಡೂ ಆಕ್ಸೈಡ್‌ಗಳು, ಅಂದರೆ ಹೆಚ್ಚುಕಮ್ಮಿ ತುಕ್ಕಿನ ಜಾತಿ. ಆದ್ದರಿಂದ ಇಲ್ಲಿನ ಕೆರೆಗಳಲ್ಲಿ ಆಮ್ಲಕ್ಕಿಂತ ಕೆಸರಿನ ಕಾಟ ಜಾಸ್ತಿ. ಕೆಜಿಎಫ್‌ನ ಸೈನೈಡ್ ದಿಬ್ಬಗಳ ತೊಂದರೆಯೇ ಬೇರೆ, ಸಾಂಗೇಯ ಕೆಂಪು ಹಳ್ಳದ ತೊಂದರೆಯೇ ಬೇರೆ. ಎಲ್ಲದಕ್ಕೂ ಒಂದೇ ಟೆಸ್ಟ್ ಪಟ್ಟಿ ಹಿಡಿದು ಹೊರಟರೆ ದುಡ್ಡು ಹಾಳು.

ಕೆಸರನ್ನು ಅಳೆಯುವ ಸುಲಭದ ಸಾಧನ ಸೆಕ್ಕಿ ತಟ್ಟೆ. 1865ರಲ್ಲಿ ಇಟಲಿಯ ಪಾದ್ರಿ-ವಿಜ್ಞಾನಿ ಆಂಜೆಲೊ ಸೆಕ್ಕಿ ಸಮುದ್ರದಲ್ಲಿ ಬಳಸಿದ್ದು. ನಮ್ಮ ಹುಡುಗರು ಊಟದ ಸ್ಟೀಲ್ ತಟ್ಟೆಗೆ ಕಪ್ಪು-ಬಿಳುಪು ಬಣ್ಣ ಬಳಿದು, ನಡುವೆ ತೂತು ಕೊರೆದು, ಕೆಳಗೆ ತೂಕದ ಕಲ್ಲು ಕಟ್ಟಿ ಮಾಡಿಕೊಂಡಿದ್ದಾರೆ. ದೋಣಿಯಿಂದ ಹಗ್ಗ ಬಿಡುತ್ತಾ ಹೋಗುವುದು, ತಟ್ಟೆ ಎಷ್ಟು ಆಳದಲ್ಲಿ ಕಣ್ಣಿಗೆ ಕಾಣದಾಗುತ್ತದೆ ನೋಡುವುದು, ಅಷ್ಟೇ. ಜುಲೈನಲ್ಲಿ ಮೊಣಕೈ ಮುಳುಗುವಷ್ಟರಲ್ಲಿ ತಟ್ಟೆ ಮಾಯ. ಜನವರಿಯಲ್ಲಿ ಅದೇ ಜಾಗದಲ್ಲಿ ಹಗ್ಗ ಬಿಡುತ್ತಲೇ ಇರಬೇಕು.

ಕೆಸರು ಸುಮ್ನೆ ನೋಡೋಕೆ ಕೆಟ್ಟದಾಗಿರುತ್ತದೆ ಅಂತಲ್ಲ. ಬಿಸಿಲು ಒಳಗೆ ಇಳಿಯದೆ ನೀರಿನ ಗಿಡಗಳು ಸೊರಗುತ್ತವೆ. ಮೀನಿನ ಕಿವಿರಿಗೆ ಮೆತ್ತಿಕೊಳ್ಳುತ್ತದೆ, ತಳದಲ್ಲಿಟ್ಟ ಮೊಟ್ಟೆಗಳ ಮೇಲೆ ಹೊದಿಕೆಯಾಗುತ್ತದೆ. ಗದ್ದೆಗೆ ಹರಿದರೆ ಒಣಗಿದ ಮೇಲೆ ಗಟ್ಟಿ ಪದರ. ಕೆರೆಯಲ್ಲೇ ಹೂಳಾದರೆ ನೀರು ಹಿಡಿಯುವ ಜಾಗ ಕಡಿಮೆ. ಇಷ್ಟೆಲ್ಲ ಹಾನಿ ಮಾಡಿದರೂ ಆ ಕೆಂಪು ಕಣದೊಳಗಿನ ಕಬ್ಬಿಣ ನೀರಿನಲ್ಲಿ ಕರಗಿರುವುದಿಲ್ಲ. ತುಕ್ಕು ನೀರಿಗೆ ಕರಗುತ್ತದಾ? ಇಲ್ಲ ಅಲ್ವಾ. ಗಾಳಿ ಆಡುವ, ಹುಳಿಯಿಲ್ಲದ ನೀರಿನಲ್ಲಿ ಅದು ಪುಡಿಯಾಗಿಯೇ ಇರುತ್ತದೆ, ಸಮಯ ಕೊಟ್ಟರೆ ತಳ ಸೇರುತ್ತದೆ. ಅಕ್ಕನ ಕೆಂಪು ನೀರು ಒಂದು ರಾತ್ರಿ ಕೂತ ಮೇಲೆ ಬಟ್ಟೆಗೆ ಕಲೆ ಮಾಡದೆ ಇದ್ದದ್ದು ಇದಕ್ಕೇ. ಬಟ್ಟೆಗೆ ಒಗ್ಗಿತು ಅಂದಮಾತ್ರಕ್ಕೆ ಅದು ಕುಡಿಯುವ ನೀರಾಗಲಿಲ್ಲ. ಕೆರೆಯ ನೀರಿನಲ್ಲಿ ರೋಗಾಣುಗಳ ವಿಚಾರ ಬೇರೆಯೇ ಇದೆ.

ಹಾಗಾದರೆ ತಿಳಿನೀರಿನ ಕಥೆ ಏನು? ಅದಕ್ಕೆ ಕೆರೆಯ ತಳಕ್ಕೆ ಇಳಿಯಬೇಕು.

ಊರಿನ ದೊಡ್ಡ ಬಾವಿಯಲ್ಲಿ ಈಜಿದವರಿಗೆ ಗೊತ್ತು. ಬೇಸಿಗೆಯಲ್ಲಿ ಮೇಲಿನ ನೀರು ಬೆಚ್ಚಗಿರುತ್ತದೆ. ಕಾಲು ಕೆಳಗೆ ಬಿಟ್ಟರೆ ಒಮ್ಮೆಲೇ ತಣ್ಣಗೆ ಕೊರೆಯುತ್ತದೆ. ಆಳವಾದ ಕೆರೆಯಲ್ಲೂ ಹೀಗೇ. ಬಿಸಿ ನೀರು ಹಗುರ, ಮೇಲೆ ತೇಲುತ್ತದೆ. ತಂಪು ನೀರು ಭಾರ, ಕೆಳಗೇ ಉಳಿಯುತ್ತದೆ. ವಾರಗಟ್ಟಲೆ ಒಂದಕ್ಕೊಂದು ಬೆರೆಯುವುದಿಲ್ಲ. ಮೇಲಿನ ನೀರಿಗೆ ಗಾಳಿಯಿಂದ ಆಮ್ಲಜನಕ ಸಿಗುತ್ತದೆ. ಕೆಳಗಿನದಕ್ಕೆ ಸಿಗುವುದಿಲ್ಲ. ಆದರೆ ಉದುರಿದ ಎಲೆ, ಸತ್ತ ಪಾಚಿ ಎಲ್ಲಾ ಕೊಳೆಯುವುದು ಕೆಳಗೇ. ಅದನ್ನು ಕೊಳೆಸುವ ಬ್ಯಾಕ್ಟೀರಿಯಾ ಅಲ್ಲಿರುವ ಆಮ್ಲಜನಕ ಖರ್ಚು ಮಾಡಿಬಿಡುತ್ತವೆ. ಅದು ಮುಗಿದ ಮೇಲೆ ಅವು ಸಾಯುವುದಿಲ್ಲ, ಬೇರೆ ದಾರಿ ಹುಡುಕುತ್ತವೆ. ಮೊದಲು ನೈಟ್ರೇಟ್, ಆಮೇಲೆ ತಳದ ಕೆಸರಿನಲ್ಲಿರುವ ಮ್ಯಾಂಗನೀಸ್ (ಕಬ್ಬಿಣದ ಹಾಗೆ ಇನ್ನೊಂದು ಲೋಹ) ಆಕ್ಸೈಡ್, ಆಮೇಲೆ ಕಬ್ಬಿಣದ ಆಕ್ಸೈಡ್. ನಾವು ಗಾಳಿಯಿಂದ ಪಡೆಯುವ ಕೆಲಸವನ್ನು ಅವು ತುಕ್ಕಿನಿಂದ ಪಡೆಯುತ್ತವೆ. ಈ ವ್ಯವಹಾರದಲ್ಲಿ ಪುಡಿಯಾಗಿ ಕೂತಿದ್ದ ಲೋಹ ಕರಗುವ ರೂಪಕ್ಕೆ ಬರುತ್ತದೆ. ಕಂದು ಬಣ್ಣ ಹೋಗುತ್ತದೆ. ನೀರು ತಿಳಿಯಾಗುತ್ತದೆ.

ಇದನ್ನು ನಾನು ಕ್ಲಾಸಿನಲ್ಲಿ ಎಷ್ಟೋ ಸಲ ಹೇಳಿದ್ದೆ. ಹುಡುಗರಿಗೆ ತಲೆಗೆ ಹೋದದ್ದು ದೋಣಿಯಲ್ಲಿ, ಎರಡು ಬಾಟಲಿ ಕೈಯಲ್ಲಿ ಹಿಡಿದಾಗ.

ನೀರಿನಲ್ಲಿ ಕರಗಿರುವ ಆಮ್ಲಜನಕ ಅಳೆಯಲು ವಿಂಕ್ಲರ್ ವಿಧಾನ ಅಂತ ಇದೆ. ಹಂಗೇರಿಯ ಲಾಯೊಶ್ ವಿಂಕ್ಲರ್ 1888ರಲ್ಲಿ ಹೇಳಿಕೊಟ್ಟದ್ದು. 300 ಮಿಲಿಲೀಟರ್ ಗಾಜಿನ ಬಾಟಲಿಗೆ ಒಂದು ಗುಳ್ಳೆಯೂ ಇಲ್ಲದಂತೆ ನೀರು ತುಂಬಬೇಕು. ಗುಳ್ಳೆ ಇದ್ದರೆ ಹೊರಗಿನ ಗಾಳಿ ಸೇರಿಬಿಡುತ್ತದೆ. ಪಿಪೆಟ್ ತುದಿಯನ್ನು ನೀರಿನೊಳಗೆ ಇಳಿಸಿ ಮ್ಯಾಂಗನೀಸ್ ಸಲ್ಫೇಟ್ ದ್ರಾವಣ ಬಿಡಬೇಕು, ಹಿಂದೆಯೇ ಕ್ಷಾರ ಬೆರೆಸಿದ ಅಯೋಡೈಡ್. ಮುಚ್ಚಳ ಹಾಕಿ ತಲೆಕೆಳಗು ಮಾಡಿ ಅಲ್ಲಾಡಿಸಬೇಕು.

ಒಂದು ಬಾಟಲಿ ಮೇಲಿನ ನೀರಿನದು. ಇನ್ನೊಂದು ತಳದ ಹತ್ತಿರದ್ದು. ಹಗ್ಗ ಎಳೆದಾಗ ಮುಚ್ಚಳ ಬೀಳುವ ಕೊಳವೆಯಿಂದ ಅದನ್ನು ತೆಗೆದಿದ್ದೆವು. ಮೇಲಿನ ಬಾಟಲಿಯಲ್ಲಿ ನೋಡ ನೋಡುತ್ತಿದ್ದಂತೆ ಬೆಲ್ಲದ ಪಾಕದ ಬಣ್ಣದ ಮೋಡ ಎದ್ದಿತು. ಮೆಲ್ಲಗೆ ಸುತ್ತುತ್ತಾ ತಳಕ್ಕೆ ಇಳಿಯಿತು. ಕೆಳಗಿನ ಬಾಟಲಿಯಲ್ಲೂ ಮೋಡ ಎದ್ದಿತು. ಆದರೆ ಅದು ಅಕ್ಕಿ ತೊಳೆದ ನೀರಿನ ಹಾಗೆ ಬೆಳ್ಳಗಿತ್ತು. ಎಷ್ಟು ಅಲ್ಲಾಡಿಸಿದರೂ ಬಿಳಿಯೇ. ಕಂದು ಅಂದರೆ ಆಮ್ಲಜನಕ ಇದೆ, ಮ್ಯಾಂಗನೀಸ್ ಅದನ್ನು ಹಿಡಿದುಕೊಂಡಿತು. ಬಿಳಿ ಅಂದರೆ ಹಿಡಿಯಲು ಏನೂ ಇಲ್ಲ. ಹುಟ್ಟು ಹಿಡಿದಿದ್ದ ಹುಡುಗ, “ಹಂಗಾರ ಕೆಳಗ ಮೀನಾ ಇಲ್ಲೇನ್ರೀ ಮ್ಯಾಡಂ?” ಅಂತ ಕೇಳಿದ. ಮೀನಿಗೆ ಲೀಟರಿಗೆ 4 ಮಿಲಿಗ್ರಾಂ ಆಮ್ಲಜನಕವಾದರೂ ಬೇಕು ಅಂತ ನಮ್ಮ ಮಾಲಿನ್ಯ ನಿಯಂತ್ರಣದವರ ವರ್ಗೀಕರಣ ಹೇಳುತ್ತದೆ. ಆ ಆಳದಲ್ಲಿ ಮೀನು ಬದುಕುವ ಹಾಗಿರಲಿಲ್ಲ.

ಇದಾದ ಮೇಲೆ ಲ್ಯಾಬಿನ ಕೆಲಸ. ಆಮ್ಲ ಹಾಕಿದರೆ ಕಂದು ಕರಗಿ ಅಯೋಡಿನ್ ಬರುತ್ತದೆ, ಅದನ್ನು ಥಯೋಸಲ್ಫೇಟ್‌ನಿಂದ ಅಳೆಯುತ್ತೇವೆ. ಅಯೋಡಿನ್ ಗುರುತಿಸಲು ಹಾಕಿದ ಗಂಜಿಯ ನೀಲಿ ಬಣ್ಣ ಹೋದ ಕ್ಷಣದಲ್ಲಿ ನಿಲ್ಲಿಸಬೇಕು. ಒಂದು ಎಚ್ಚರಿಕೆ: ಕರಗಿದ ಕಬ್ಬಿಣ ಜಾಸ್ತಿ ಇರುವ ನೀರಿನಲ್ಲಿ ಈ ಲೆಕ್ಕ ತಪ್ಪುತ್ತದೆ. ಗಣಿ ಕೆರೆಯಲ್ಲಿ ವಿಂಕ್ಲರ್ ಜೊತೆಗೆ ಆಮ್ಲಜನಕದ ಮೀಟರ್‌ನಿಂದಲೂ ಅಳೆದು ಹೋಲಿಸುವುದು ಒಳ್ಳೆಯದು.

ಆ ಕಂದು ಮೋಡ ನೋಡುತ್ತಾ ನನಗೆ ಅಕ್ಕನ ಬಕೆಟ್ ನೆನಪಾಯಿತು. ಕರಗಿದ ಮ್ಯಾಂಗನೀಸ್ ಇರುವ ನೀರು, ಅದಕ್ಕೆ ಕ್ಷಾರ, ಜೊತೆಗೆ ಗಾಳಿಯ ಆಮ್ಲಜನಕ. ಬಟ್ಟೆ ಒಗೆಯುವ ಪುಡಿ ಕ್ಷಾರವೇ ಅಲ್ವಾ! ಅವರ ಬೋರ್‌ವೆಲ್ ಆಳದಲ್ಲೂ ಕೆರೆಯ ತಳದ ಹಾಗೆ ಆಮ್ಲಜನಕ ಇಲ್ಲ. ಅಲ್ಲಿನ ಕಲ್ಲಿನಿಂದ ಮ್ಯಾಂಗನೀಸ್ ಕರಗಿ ಬಣ್ಣವಿಲ್ಲದೆ ಮೇಲೆ ಬರುತ್ತದೆ. ಬಕೆಟ್ಟಿನಲ್ಲಿ ಸೋಪಿನ ಪುಡಿ ತಾಗಿದ್ದೇ ತಡ, ಕಂದು-ಕಪ್ಪಾಗಿ ಬಟ್ಟೆಯ ನೂಲಿಗೆ ಅಂಟುತ್ತದೆ. ವಿಂಕ್ಲರ್ ಬಾಟಲಿಯಲ್ಲಿ ನಡೆದದ್ದೇ ಅಕ್ಕನ ಬಚ್ಚಲಲ್ಲೂ ನಡೆದಿತ್ತು.

ಕರಗಿದ ಕಬ್ಬಿಣವೂ ಗಾಳಿ ತಾಗಿದರೆ ತುಕ್ಕಾಗುತ್ತದೆ. ಆದರೆ ಎರಡಕ್ಕೂ ವೇಗದಲ್ಲಿ ದೊಡ್ಡ ವ್ಯತ್ಯಾಸವಿದೆ. ಹುಳಿಯೂ ಅಲ್ಲದ ಕ್ಷಾರವೂ ಅಲ್ಲದ ನೀರಿನಲ್ಲಿ ಕಬ್ಬಿಣ ಕೆಲವು ನಿಮಿಷ, ಹೆಚ್ಚೆಂದರೆ ಗಂಟೆಗಳಲ್ಲಿ ಕಿತ್ತಳೆ ಪುಡಿಯಾಗಿ ಬೀಳುತ್ತದೆ. ಮ್ಯಾಂಗನೀಸ್ ದಿನಗಟ್ಟಲೆ ಕರಗಿಯೇ ಇರುತ್ತದೆ. ಈ ಒಂದು ಸಂಗತಿ ಗೊತ್ತಿದ್ದರೆ ನೀರಿನ ಘಟಕದ ಕಷ್ಟವೂ ಅರ್ಥವಾಗುತ್ತದೆ. ನೀರನ್ನು ಮೆಟ್ಟಿಲ ಮೇಲೆ ಹರಿಸಿ ಗಾಳಿ ಕೊಟ್ಟು, ಪಟಿಕ ಹಾಕಿ, ಮರಳಿನಲ್ಲಿ ಸೋಸಿದರೆ ಕಬ್ಬಿಣ ಹೋಗುತ್ತದೆ. ಮ್ಯಾಂಗನೀಸ್ ನುಸುಳಿ ಹೋಗಬಹುದು. ಆಮೇಲೆ ಪೈಪಿನಲ್ಲಿ ಕ್ಲೋರಿನ್ ಜೊತೆ ನಿಧಾನವಾಗಿ ಸೇರಿ ಕರಿ ಪದರವಾಗಿ ಕೂರುತ್ತದೆ. ಅದನ್ನು ಹಿಡಿಯಲು ಪರ್ಮಾಂಗನೇಟ್ ಬೇಕು, ಇಲ್ಲವೇ ಕ್ಲೋರಿನ್ ಜೊತೆಗೆ ಮ್ಯಾಂಗನೀಸ್ ಆಕ್ಸೈಡ್ ಲೇಪವಿರುವ ಮರಳು ಬೇಕು. ಇನ್ನೊಂದು ಉಪಾಯ ಜಲಾಶಯದಲ್ಲೇ ಇದೆ. ನೀರೆತ್ತುವ ಗೋಪುರದಲ್ಲಿ ಬೇರೆ ಬೇರೆ ಎತ್ತರಕ್ಕೆ ಗೇಟ್‌ಗಳಿದ್ದರೆ, ತಳ ಕೆಟ್ಟಿರುವ ತಿಂಗಳುಗಳಲ್ಲಿ ಮೇಲಿನ ಗೇಟಿನಿಂದ ನೀರು ತೆಗೆಯಬಹುದು. ಯಾವ ತಿಂಗಳು ಯಾವ ಆಳ ಕೆಟ್ಟಿದೆ ಅಂತ ಗೊತ್ತಿರಬೇಕು, ಅಷ್ಟೇ. ಕೆರೆಯ ಅಧ್ಯಯನ ಮನೆಯ ನಲ್ಲಿಗೆ ನೇರವಾಗಿ ಉಪಯೋಗಕ್ಕೆ ಬರುವುದು ಇಲ್ಲಿ.

ಈಗ ನನ್ನಿಂದಾದ ತಪ್ಪೊಂದನ್ನು ಹೇಳಲೇಬೇಕು. ಯಾರೂ ಇದನ್ನು ಮತ್ತೆ ಮಾಡಬಾರದು. ಮೊದಲ ವರ್ಷ, ಮಳೆಗಾಲದಲ್ಲಿ, ಕೆರೆಯ ನೀರು ತುಂಬಿ ದಡದಲ್ಲೇ ಬಾಟಲಿಗೆ ನೈಟ್ರಿಕ್ ಆಮ್ಲ ಹಾಕಿದೆವು. ಲೋಹ ಬಾಟಲಿ ಗೋಡೆಗೆ ಅಂಟದಿರಲಿ ಅಂತ ಹಾಗೆ ಮಾಡುವುದು ವಾಡಿಕೆ. ರಿಪೋರ್ಟ್ ಬಂದಾಗ ಕಬ್ಬಿಣ ಮಿತಿಗಿಂತ ಎಷ್ಟೋ ಪಟ್ಟು. ಹುಡುಗರು ಅಂದೇ ಊರಿನವರಿಗೆ ಹೇಳಬೇಕು ಅಂತ ಹೊರಟರು. ನಾನು ಇನ್ನೊಂದು ಸಲ ನೋಡೋಣ ಅಂದೆ. ಎರಡನೇ ಸಲ ಆಮ್ಲ ಹಾಕದೆ ತಂದು, ಮರುದಿನ ಲ್ಯಾಬಿನಲ್ಲಿ ಸೋಸಿ ಕೊಟ್ಟೆವು. ಕಬ್ಬಿಣ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಒಂದೇ ಕೆರೆ, ಒಂದೇ ವಾರ.

ಲ್ಯಾಬಿನವರ ತಪ್ಪೇನೂ ಇರಲಿಲ್ಲ. ಮೊದಲ ಸಲ ಆಮ್ಲ ಕೆಸರಿನ ಕಣಗಳನ್ನೇ ಕರಗಿಸಿತ್ತು, ಅಲ್ಲಿ ಸಿಕ್ಕಿದ್ದು ಮಣ್ಣಿನ ಕಬ್ಬಿಣ. ಎರಡನೇ ಸಲ ಕರಗಿದ್ದ ಕಬ್ಬಿಣವೂ ರಾತ್ರಿಯಿಡೀ ಬಾಟಲಿಯಲ್ಲಿ ತುಕ್ಕಾಗಿ, ಸೋಸುವಾಗ ಫಿಲ್ಟರಿನಲ್ಲಿ ಉಳಿದಿತ್ತು. ಆ ವಾರ ಊರಿನ ಸಭೆಯಲ್ಲಿ ಯಾವ ಸಂಖ್ಯೆ ಹೇಳಿದ್ದರೂ ಜನರನ್ನು ದಾರಿ ತಪ್ಪಿಸಿದ ಹಾಗೆ ಆಗುತ್ತಿತ್ತು. ಈಗ ಪ್ರತಿ ಜಾಗದಲ್ಲೂ ಎರಡು ಬಾಟಲಿ ತುಂಬುತ್ತೇವೆ. ಒಂದನ್ನು ಸೋಸದೆ ಆಮ್ಲ ಹಾಕುತ್ತೇವೆ, ಅದು ಒಟ್ಟು ಲೋಹ ಹೇಳುತ್ತದೆ. ಇನ್ನೊಂದನ್ನು ದೋಣಿಯಲ್ಲೇ, ನೀರು ಮೇಲೆ ಬಂದ ಕೂಡಲೇ, 0.45 ಮೈಕ್ರಾನ್ ಫಿಲ್ಟರಿನಲ್ಲಿ ಸಿರಿಂಜ್‌ನಿಂದ ಸೋಸಿ ಆಮೇಲೆ ಆಮ್ಲ ಹಾಕುತ್ತೇವೆ, ಅದು ಕರಗಿದ ಲೋಹ ಹೇಳುತ್ತದೆ. ಬಾಟಲಿಗಳನ್ನು ಹಿಂದಿನ ದಿನವೇ ಆಮ್ಲದಲ್ಲಿ ನೆನೆಸಿ, ಶುದ್ಧ ನೀರಿನಲ್ಲಿ ಜಾಲಿಸಿರುತ್ತೇವೆ. ಶುದ್ಧ ನೀರು ತುಂಬಿದ ಒಂದು ಬಾಟಲಿಯೂ ನಮ್ಮ ಜೊತೆ ಕೆರೆಗೆ ಬಂದು ವಾಪಸ್ ಲ್ಯಾಬಿಗೆ ಹೋಗುತ್ತದೆ. ಅದರಲ್ಲಿ ಲೋಹ ಸಿಕ್ಕರೆ ತಪ್ಪು ನಮ್ಮ ಕೈಯದು, ಕೆರೆಯದಲ್ಲ.

ಸಂಖ್ಯೆ ಬಂದ ಮೇಲೆ ಅದನ್ನು ಓದುವುದು ಹೇಗೆ? ಭಾರತದ ಕುಡಿಯುವ ನೀರಿನ ಮಾನದಂಡ ಐಎಸ್ 10500. 2012ರ ಆವೃತ್ತಿಯಲ್ಲಿ ಕಬ್ಬಿಣಕ್ಕೆ ಲೀಟರಿಗೆ 0.3 ಮಿಲಿಗ್ರಾಂ ಮಿತಿ ಇತ್ತು, 2015ರ ತಿದ್ದುಪಡಿಯಲ್ಲಿ 1 ಮಿಲಿಗ್ರಾಂ ಆಯಿತು. 1 ಮಿಲಿಗ್ರಾಂ ಅಂದರೆ 12,000 ಲೀಟರಿನ 80ಕ್ಕೂ ಹೆಚ್ಚು ಟ್ಯಾಂಕರ್ ನೀರಿಗೆ 1 ಕೆಜಿ ಕಬ್ಬಿಣ. ಕಬ್ಬಿಣದ ಮಿತಿ ಹೆಚ್ಚಾಗಿ ರುಚಿ, ಬಣ್ಣ, ಕಲೆಗೆ ಸಂಬಂಧಿಸಿದ್ದು. ಮ್ಯಾಂಗನೀಸ್‌ಗೆ 0.1 ಮಿಲಿಗ್ರಾಂ, ಬೇರೆ ನೀರಿನ ಮೂಲವೇ ಇಲ್ಲದಿದ್ದರೆ 0.3ರವರೆಗೆ. ವಿಶ್ವ ಆರೋಗ್ಯ ಸಂಸ್ಥೆ ಮೊದಲು 0.4 ಅನ್ನುತ್ತಿತ್ತು. 2022ರ ಆವೃತ್ತಿಯಲ್ಲಿ 0.08ಕ್ಕೆ ಇಳಿಸಿದೆ. ಇಲ್ಲಿ ಮುಖ್ಯ ಚಿಂತೆ ಬಾಟಲಿ ಹಾಲು ಕುಡಿಯುವ ಕೂಸುಗಳದು. ಹಾಲಿನ ಪುಡಿಯನ್ನು ಕಲಸುವುದು ಈ ನೀರಿನಲ್ಲೇ, ಕೂಸಿನ ಮೈ ತೂಕಕ್ಕೆ ಹೋಲಿಸಿದರೆ ಒಳಗೆ ಹೋಗುವ ನೀರು ಬಹಳ. ಬಟ್ಟೆಯ ಕಲೆಯನ್ನು ಬರೀ ಕಲೆ ಅಂತ ಬಿಡಬಾರದು ಅನ್ನುವುದು ನನ್ನ ಅಭಿಪ್ರಾಯ. ಮನೆಯಲ್ಲಿ ಕೂಸು ಇದ್ದರೆ ಆ ನೀರನ್ನು ಪರೀಕ್ಷೆ ಮಾಡಿಸಲೇಬೇಕು.

ಕಷ್ಟದ ಪ್ರಶ್ನೆ ಇನ್ನೊಂದಿದೆ. ಈ ಲೋಹ ಗಣಿಯಿಂದಲೇ ಬಂತು ಅಂತ ಹೇಗೆ ಹೇಳುವುದು? ಗೋವಾದ ನೆಲವೇ ಕೆಂಪು. ಮನೆ ಕಟ್ಟುವ ಜಂಬಿಟ್ಟಿಗೆ ಕಲ್ಲಿನಲ್ಲೇ ಕಬ್ಬಿಣ ತುಂಬಿದೆ. ಗಣಿಯೇ ಇಲ್ಲದ ಊರಿನ ಕೆರೆಯಲ್ಲೂ ಕೆಸರು ಕೆಂಪಗೇ ಇರಬಹುದು. ಬರೀ ಕಬ್ಬಿಣದ ಸಂಖ್ಯೆ ಹಿಡಿದು ಬೊಟ್ಟು ತೋರಿಸಿದರೆ ಎದುರಿನ ವಕೀಲರು ಒಂದೇ ಮಾತಿನಲ್ಲಿ ಬೀಳಿಸುತ್ತಾರೆ. ಹಾಗಾಗಿ ಹೋಲಿಕೆ ಬೇಕು. ಓಲ್ಡ್ ಗೋವಾ ಹತ್ತಿರದ ಕರ್ಮಳಿಯಂಥ, ಸುತ್ತ ಗಣಿ ಇಲ್ಲದ ಕೆರೆಯ ಕೆಸರನ್ನೂ ನೋಡಬೇಕು. ಅದು ತೀರಾ ಆಳವಿಲ್ಲದ ಕೆರೆ, ಆದ್ದರಿಂದ ತಳದ ನೀರನ್ನು ಅದರೊಂದಿಗೆ ಹೋಲಿಸುವ ಹಾಗಿಲ್ಲ. ಕೆಸರನ್ನು ಮಾತ್ರ ಹೋಲಿಸಬಹುದು.

ಇನ್ನೂ ಗಟ್ಟಿ ಸಾಕ್ಷಿ ಅದೇ ಕೆರೆಯ ಹೂಳಿನಲ್ಲಿದೆ. ಪೈಪನ್ನು ನೇರವಾಗಿ ಹೂಳಿಗೆ ಒತ್ತಿ ಎತ್ತಿದರೆ ವರ್ಷ ವರ್ಷದ ಪದರಗಳು ಹಾಗೇ ಬರುತ್ತವೆ, ಮೇಲಿನದು ಹೊಸದು, ಕೆಳಗಿನದು ಹಳೆಯದು. ಅದನ್ನು ಬಿಲ್ಲೆ ಬಿಲ್ಲೆಯಾಗಿ ಕತ್ತರಿಸುತ್ತಾರೆ. ಗಾಳಿಯಿಂದ ಸದಾ ಕೆಳಗೆ ಬೀಳುತ್ತಿರುವ ಸೀಸ-210 ಅನ್ನುವ ವಿಕಿರಣಶೀಲ ವಸ್ತು ಸುಮಾರು 22 ವರ್ಷಕ್ಕೆ ಅರ್ಧವಾಗುತ್ತದೆ. ಅದು ಎಷ್ಟು ಉಳಿದಿದೆ ನೋಡಿ ಪ್ರತಿ ಬಿಲ್ಲೆಯ ವಯಸ್ಸು ಲೆಕ್ಕ ಹಾಕಬಹುದು, ನೂರು ವರ್ಷದಷ್ಟು ಹಿಂದಕ್ಕೆ. ಆಮೇಲೆ ಪ್ರತಿ ಬಿಲ್ಲೆಯಲ್ಲಿ ಕಬ್ಬಿಣ, ಮ್ಯಾಂಗನೀಸ್ ಜೊತೆಗೆ ಅಲ್ಯೂಮಿನಿಯಂ ಕೂಡ ಅಳೆಯಬೇಕು. ಅಲ್ಯೂಮಿನಿಯಂ ಸಾಮಾನ್ಯ ಮಣ್ಣಿನ ಗುರುತು. ಬರೀ ಮಣ್ಣು ಜಾಸ್ತಿ ಬಂದಿದ್ದರೆ ಕಬ್ಬಿಣದ ಜೊತೆ ಅದೂ ಏರುತ್ತದೆ. ಕಬ್ಬಿಣ ಮಾತ್ರ ಏರಿ, ಅಲ್ಯೂಮಿನಿಯಂ ಅಷ್ಟು ಏರದಿದ್ದರೆ, ಆ ಏರಿಕೆ ಗುಡ್ಡ ಅಗೆದ ವರ್ಷಗಳಿಗೆ ಹೊಂದಿದರೆ, ಆಗ ಗಣಿಯ ಕಡೆ ಬೆರಳು ತೋರಿಸಲು ಆಧಾರ ಸಿಕ್ಕಂತೆ. ಒಂದು ಜಾಗ್ರತೆ ಇಲ್ಲೂ ಇದೆ. ತಳದಲ್ಲಿ ಆಮ್ಲಜನಕ ಇಲ್ಲದಾಗ ಮ್ಯಾಂಗನೀಸ್ ಪದರದಿಂದ ಪದರಕ್ಕೆ ಕರಗಿ ಸರಿಯುತ್ತದೆ. ಇತಿಹಾಸ ಹೇಳಿಸಲು ಅದೊಂದನ್ನೇ ನೆಚ್ಚಿಕೊಳ್ಳಬಾರದು.

ಯಾವಾಗ ಹೋಗಬೇಕು ಅನ್ನುವುದಕ್ಕೆ ಸಾಂಗೇಯ ಸಾಳಾವಳಿ ಜಲಾಶಯ ಒಳ್ಳೆಯ ಪಾಠ. ಮಡಗಾಂವ್, ವಾಸ್ಕೋದ ನಲ್ಲಿಗಳಿಗೆ ಬರುವ ನೀರು ಅಲ್ಲಿಯದು, ಅಂದರೆ ಬೈನಾ, ಝುವಾರಿನಗರದ ನಮ್ಮ ಸಾವಿರಾರು ಕನ್ನಡ ಮನೆಗಳೂ ಅದನ್ನೇ ಕುಡಿಯುತ್ತವೆ. ಆ ಸೀಮೆಯ ಗುಡ್ಡಗಳಲ್ಲಿ ಕಬ್ಬಿಣವೂ ಇದೆ, ಮ್ಯಾಂಗನೀಸೂ ಇದೆ. ಅಣೆಕಟ್ಟಿಗಾಗಿ ಮುಳುಗಿದ ಕುರ್ಡಿ ಊರು ಪ್ರತಿ ಮೇ ತಿಂಗಳು ನೀರಿಳಿದಾಗ ಮೇಲೆ ಕಾಣಿಸುತ್ತದೆ. ಹಳೆಯ ಮನೆಗಳವರು ಹೋಗಿ ದೇವರಿಗೆ ಕೈಮುಗಿದು ಬರುತ್ತಾರೆ. ನೀರಿನ ಕೆಲಸ ಮಾಡುವವರ ಕಣ್ಣಿಗೆ ಆಗ ಇನ್ನೊಂದೂ ಬೀಳುತ್ತದೆ. ವರ್ಷವೆಲ್ಲ ಮುಳುಗಿದ್ದ ಕೆಸರು ಬಿಸಿಲಿಗೆ ಬಿರುಕು ಬಿಟ್ಟು ಗಾಳಿ ಕುಡಿಯುತ್ತಿರುತ್ತದೆ. ಜೂನ್‌ನ ಮೊದಲ ಮಳೆಗೆ ಅದೇ ಸಡಿಲ ಮಣ್ಣು ಮತ್ತೆ ನೀರಿಗೆ. ಬೇಸಿಗೆಯ ಕೊನೆಗೆ ಯಾವುದೇ ಜಲಾಶಯದಲ್ಲಿ ನೀರು ಕಡಿಮೆ, ತಳ ಹತ್ತಿರ. ಡಿಸೆಂಬರ್-ಜನವರಿಯ ತಂಪು ರಾತ್ರಿಗಳಲ್ಲಿ ಮೇಲಿನ ನೀರು ತಣ್ಣಗಾಗಿ ಕೆಳಗಿಳಿದು, ತಳದ್ದನ್ನು ಮೇಲೆ ತರುತ್ತದೆ. ವರ್ಷಕ್ಕೊಂದು ಸಲ, ದಡದಲ್ಲಿ ನಿಂತು, ಕೈಗೆಟಕಿದ ನೀರು ತುಂಬಿಕೊಂಡು ಹೋದವರಿಗೆ ಇದರಲ್ಲಿ ಒಂದೂ ಸಿಗುವುದಿಲ್ಲ. ಮೇ, ಜುಲೈ, ಅಕ್ಟೋಬರ್, ಜನವರಿ, ನಾಲ್ಕು ಸಲವಾದರೂ ಹೋಗಬೇಕು. ಒಳಹರಿವಿನ ಹಳ್ಳ, ಕೆರೆಯ ನಡು, ನೀರೆತ್ತುವ ಜಾಗ, ಮೂರು ಕಡೆಯಾದರೂ ನೋಡಬೇಕು. ನಡುವಿನಲ್ಲಿ ಮೇಲಿನದು ಮತ್ತು ತಳದ್ದು ಬೇರೆ ಬೇರೆ.

ಬಿಟ್ಟುಹೋದ ಗಣಿ ಹೊಂಡಗಳ ಬಗ್ಗೆ ಇನ್ನೊಂದು ಮಾತು. ಮಳೆ ನೀರು, ಅಂತರ್ಜಲ ತುಂಬಿ ಅವು ಹಸಿರು-ನೀಲಿ ಕೆರೆಗಳಾಗಿವೆ, ನೋಡಲು ಚಂದ. ಆದರೆ ಅವು ಕಿರಿದು, ಆಳ ಬಹಳ, ಸುತ್ತ ಎತ್ತರದ ಗೋಡೆ. ಗಾಳಿ ನೀರನ್ನು ಕಲಕುವುದೇ ಇಲ್ಲ. ಮೇಲೆ-ಕೆಳಗಿನ ಪದರಗಳು ಗಟ್ಟಿಯಾಗಿ ನಿಲ್ಲಲು ಇದಕ್ಕಿಂತ ಒಳ್ಳೆಯ ಪಾತ್ರೆ ಬೇಕಿಲ್ಲ. ಅಲ್ಲಿಂದ ತೋಟಕ್ಕೋ ಊರಿಗೋ ನೀರೆತ್ತುವುದಾದರೆ ಪಂಪಿನ ಪೈಪ್ ಎಷ್ಟು ಆಳಕ್ಕೆ ಇಳಿದಿದೆ ಅಂತ ಮೊದಲು ಕೇಳಬೇಕು.

ಇಷ್ಟನ್ನೂ ಅಕ್ಕನಿಗೆ ಒಂದೇ ದಿನ ಹೇಳಲಿಲ್ಲ. ಮೊದಲು ಎರಡು ಗಾಜಿನ ಬಾಟಲಿಗೆ ಅವರ ಬೋರಿನ ನೀರು ತುಂಬಿಸಿದೆ. ಒಂದನ್ನು ಹಾಗೇ ಬಾಯಿ ತೆರೆದು ಕಿಟಕಿಯಲ್ಲಿಟ್ಟೆವು. ಇನ್ನೊಂದಕ್ಕೆ ಅರ್ಧ ಚಮಚ ಬಟ್ಟೆ ಪುಡಿ. ಒಂದು ತಾಸಿನಲ್ಲಿ ಮೊದಲನೆಯದು ಕಿತ್ತಳೆಯಾಗಿದ್ದರೆ ಕಬ್ಬಿಣ ಅನ್ನಬಹುದಿತ್ತು. ಅದು ತಿಳಿಯಾಗಿಯೇ ಉಳಿಯಿತು. ಸಂಜೆ ಹೊತ್ತಿಗೆ ಪುಡಿ ಹಾಕಿದ ಬಾಟಲಿಯ ತಳದಲ್ಲಿ ಕಂದು ಬಣ್ಣದ ತೆಳು ಪದರ. ಇದು ಅಳತೆಯಲ್ಲ, ಸುಳಿವು ಮಾತ್ರ. ಅಳತೆಗೆ ಸೋಸಿ ಆಮ್ಲ ಹಾಕಿದ ಬಾಟಲಿಯನ್ನು ಲ್ಯಾಬಿಗೆ ಕೊಟ್ಟೆವು. ಕುದಿಸಿದರೆ ಹೋಗುತ್ತದಾ ಅಂತ ಅಕ್ಕ ಕೇಳಿದರು. ಇಲ್ಲ. ಕುದಿಸಿದರೆ ರೋಗಾಣು ಸಾಯುತ್ತವೆ, ಲೋಹ ಅಲ್ಲೇ ಇರುತ್ತದೆ. ನೀರು ಆವಿಯಾದಷ್ಟೂ ಲೀಟರಿನ ಲೆಕ್ಕದಲ್ಲಿ ಲೋಹ ಸ್ವಲ್ಪ ಜಾಸ್ತಿಯೇ ಆಗುತ್ತದೆ. ಆರ್‌ಒ ಯಂತ್ರ ಮ್ಯಾಂಗನೀಸನ್ನು ತಡೆಯುತ್ತದೆ, ಆದರೆ ಕಬ್ಬಿಣ ಜಾಸ್ತಿ ಇದ್ದರೆ ಅದರ ಪೊರೆ ಬೇಗ ಕಟ್ಟಿಕೊಳ್ಳುತ್ತದೆ, ಮುಂದೆ ಬೇರೆ ಫಿಲ್ಟರ್ ಬೇಕು. ರಿಪೋರ್ಟ್ ಬರುವವರೆಗೆ ಕುಡಿಯಲು, ಅಡುಗೆಗೆ ನಲ್ಲಿ ನೀರು, ಒಗೆಯಲು ಮಾತ್ರ ಬೋರ್ ಅಂತ ಮಾತಾಡಿಕೊಂಡೆವು.

“ಕೆರಿ ತಳದ ನೀರು ತಗಿಯಾಕ ಹೋಗುಮುಂದ ನನ್ನೂ ಕರೀರಿ” ಅಂದರು ಅಕ್ಕ.

ಮೇ ತಿಂಗಳ ಒಂದು ಭಾನುವಾರ ಕರೆದುಕೊಂಡು ಹೋದೆ. ದೋಣಿಯಲ್ಲಿ ಹಗ್ಗ ಅವರೇ ಹಿಡಿದರು, ಬಾವಿಯಿಂದ ಕೊಡ ಸೇದಿದ ಕೈ ಅದು, ಒಂದಿಷ್ಟೂ ಅಲುಗದಂತೆ ಇಳಿಸಿದರು. ಒಂಬತ್ತು ಮೀಟರಿನ ಗಂಟಿಗೆ ನಿಲ್ಲಿಸಿದರು. ಮೇಲೆ ಬಂದ ನೀರು ತಿಳಿಯಾಗಿತ್ತು, ತಣ್ಣಗಿತ್ತು, ಸ್ವಲ್ಪ ಕೊಳೆತ ಮೊಟ್ಟೆಯ ವಾಸನೆ. ಹುಡುಗ ಸಿರಿಂಜ್ ಒತ್ತಿ ಸೋಸಿದ. ನಾನು ಲೇಬಲ್ ಮೇಲೆ ತಾರೀಖು, ಹೊತ್ತು, ಆಳ ಬರೆದೆ. ಪೆನ್ನು ಇಸಿದುಕೊಂಡು, ಕೆಳಗಿನ ಸಾಲಿನಲ್ಲಿ ‘ಸೋಸಿದ್ದು’ ಅಂತ ಅಕ್ಕನೇ ಬರೆದರು.